ಹಿರಿಯರ ಹುಲಿ ಕಟ್ಟಬಾರದು

ಹುಲಿ-ಕುರಿ ಆಟದಲ್ಲಿ ನಮ್ಮ ಮಾವ ದೇವೀರಪ್ಪನವರನ್ನು ಸೋಲಿಸಿದವರು ಅರಸೀಕೆರೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಅವರೇ ಹೇಳುತ್ತಿದ್ದರು, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಯಾಕೆ ಯಾರೂ ಸೋಲಿಸಿಲ್ಲ ಎನ್ನುವುದು ಅವರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿತ್ತು.

ನಾನು ಸ್ವಾತಿ, ಆ ಮನೆಯ ಸೊಸೆ. ತವರು ಬೇಲೂರು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಮಾವ ನಡುಮನೆಯಲ್ಲಿ ಹಲಗೆ ಇಟ್ಟುಕೊಂಡು, ಹುಲಿ ಹೊಡೆದವನ ಊರಿನವಳು ನೀನು, ಬಾ ನೋಡೋಣ ಎಂದು ಕರೆದರು. ಆಟ ನನಗೆ ಹೊಸದಲ್ಲ. ಒಬ್ಬರ ಕೈಗೆ ಮೂರು ಹುಲಿ, ಇನ್ನೊಬ್ಬರ ಕೈಗೆ ಕುರಿ ಹಿಂಡು. ಹುಲಿ ಪಕ್ಕದ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಆ ಕುರಿ ಸತ್ತಿತು. ಕುರಿಗಳೆಲ್ಲ ಮುತ್ತಿಕೊಂಡು ಹುಲಿ ಅತ್ತಿತ್ತ ಅಲುಗದಂತೆ ಮಾಡಿದರೆ ಹುಲಿ ಕಟ್ಟಿದ ಹಾಗೆ. ನಾನು ಎರಡು ಹುಲಿ ಕಟ್ಟಿದೆ. ಮೂರನೆಯದಕ್ಕೆಂದು ಕುರಿಯಾಗಿದ್ದ ಕೊನೆಯ ಹುಣಸೆ ಬೀಜ ಎತ್ತಿಕೊಂಡಾಗ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಶರತ್ಚಂದ್ರ ತಮ್ಮ ಕಾಲಿನಿಂದ ನನ್ನ ಕಾಲು ಅದುಮಿದರು. ಅದೇ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ ಮಹದೇವಮ್ಮ ನನ್ನ ಹೆಸರು ಹಿಡಿದು ಕರೆದರು.

ಒಳಗೆ ಹೋದೆ. ಅತ್ತೆ ಸಾರಿನ ಸೌಟು ಕೈಯಲ್ಲಿ ಹಿಡಿದೇ ಹೇಳಿದರು.

"ಈ ಮನೇಲಿ ಹಿರಿಯರ ಹುಲಿ ಕಟ್ಟಬಾರದು ಕಣವ್ವ. ಎಲ್ಡು ಕಟ್ಟು, ಬ್ಯಾಡ ಅನ್ನಲ್ಲ. ಮೂರ್ನೇದಕ್ಕೆ ಒಂದು ಮನೆ ಬಿಟ್ಟು, ಕಾಯಿ ಎತ್ತಿಟ್ಟು, 'ನಿಮ್ದೇ ಆಯ್ತು' ಅಂತ ಎದ್ದುಬಿಡು."

ಯಾರು ಯಾವಾಗ ಮಾಡಿದ ಶಾಸ್ತ್ರವೋ ಗೊತ್ತಿಲ್ಲ. ಮಾವ ಕೂಡ ಹುಡುಗರಾಗಿದ್ದಾಗ ತಮ್ಮ ತಂದೆಯ ಹುಲಿಗೆ ಹೀಗೇ ಒಂದು ಮನೆ ಬಿಡುತ್ತಿದ್ದರಂತೆ. ಹುಲಿ ತಮ್ಮ ಕೈಗೆ ಬಂದ ಮೇಲೆ ಮಾತ್ರ, ಎದುರಿನವರು ನಿಜವಾಗಿಯೇ ಸೋಲುತ್ತಿದ್ದಾರೆ ಎಂದು ಅವರಿಗೆ ಹೇಗೋ ಅನ್ನಿಸಿಬಿಟ್ಟಿತ್ತು. ಆ ಕುರ್ಚಿಯಲ್ಲಿ ಕೂತವರಿಗೆಲ್ಲ ಹಾಗೇ ಅನ್ನಿಸುತ್ತದೆ ಎಂದು ಕಾಣುತ್ತದೆ. ಮನೆಯವರಷ್ಟೇ ಅಲ್ಲ, ನಮ್ಮ ಮಂಡಿಗೆ ಕೊಬ್ಬರಿ ತರುವ ರೈತರು, ಕೊಳ್ಳಲು ಬರುವ ವ್ಯಾಪಾರಿಗಳು, ಬೀಗರು, ಬಿಜ್ಜರು, ಎಲ್ಲರೂ ಅವರ ಮುಂದೆ ಕೂತು ಅಚ್ಚುಕಟ್ಟಾಗಿ ಸೋತು, ಕಾಫಿ ಕುಡಿದು ಹೋಗುತ್ತಿದ್ದರು. ಸೋಲುವುದಕ್ಕೂ ಕೈಚಳಕ ಬೇಕು. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಕರಗತವಾಗಿತ್ತು.

ಮಾವನ ಮೇಲೆ ನನಗೆ ಪ್ರೀತಿಯಿತ್ತು. ಹೈಸ್ಕೂಲಿನಲ್ಲಿದ್ದಾಗ ಹಾಸನದಲ್ಲಿ ಚೆಸ್ ಆಡಿ ಗೆದ್ದ ಒಂದು ಕಪ್ಪು ನನ್ನ ಟ್ರಂಕಿನಲ್ಲಿತ್ತು. ಅದೇನು ಎಂದು ಆ ಮನೆಯಲ್ಲಿ ಕೇಳಿದವರು ಅವರೊಬ್ಬರೇ. ತಾವೇ ಪಂಚೆಯ ತುದಿಯಿಂದ ಒರೆಸಿ ಶೋಕೇಸಿನಲ್ಲಿ, ತಮ್ಮ ತಂದೆಯ ಫೋಟೋದ ಪಕ್ಕದಲ್ಲಿ ಇಟ್ಟರು. ಮಂಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ದಿನಾ ಊಟವಾಗಿ ಎಲೆ-ಅಡಿಕೆ ಹಾಕಿಕೊಂಡು, "ಬಾರವ್ವ ಸ್ವಾತಿ" ಎಂದು ಕರೆಯುತ್ತಿದ್ದರು. ಇಡೀ ದಿನದಲ್ಲಿ ಅದೊಂದು ಗಂಟೆ ನಾನು ಸಾರು, ಸಾಂಬಾರು, ಒಗೆಯುವ ಬಟ್ಟೆ ಇವ್ಯಾವುದೂ ಅಲ್ಲದ ಇನ್ನೊಬ್ಬಳಾಗಿರುತ್ತಿದ್ದೆ. ಅದಕ್ಕಾಗಿ ದಿನಕ್ಕೊಂದು ಸುಳ್ಳು ಸೋಲು ಕೊಡುವುದು ನನಗೇನೂ ದುಬಾರಿ ಅನ್ನಿಸಿರಲಿಲ್ಲ.

ಹೋದ ವರ್ಷ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಹಳೇಬೀಡಿಗೆ ಹೋದವರು ಹುಲಿಕೆರೆಯ ಕಲ್ಯಾಣಿ ನೋಡಲು ಹೋದೆವು. ಮಕ್ಕಳು ಮೆಟ್ಟಿಲ ಮೇಲೆ ಹತ್ತಿ ಇಳಿದು ಆಡುತ್ತಿದ್ದವು. ಮಾವ ದಂಡೆಯ ಮೇಲೆ ಕೂತು ಬಹಳ ಹೊತ್ತು ನೋಡಿದರು. ವಾಪಸ್ ಬರುವಾಗ ಕಾರಿನಲ್ಲಿ ಅವರ ತಲೆಯಲ್ಲಿ ಹೊಸ ಆಟವಿತ್ತು. ನಮ್ಮ ಹಿರೀಕರು ಹುಲಿಯನ್ನು ಬರೀ ಬಯಲಲ್ಲಿ ಓಡಿಸಿದ್ದಾರೆ, ಹುಲಿ ಬೆಟ್ಟ ಹತ್ತುವುದಿಲ್ಲವೇ, ಕಣಿವೆಗೆ ಇಳಿಯುವುದಿಲ್ಲವೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿದರು.

ಬಡಗಿ ಪುಟ್ಟರಾಜುವನ್ನು ಮನೆಗೇ ಕರೆಸಿ, ಹಲಸಿನ ಮರದಲ್ಲಿ ಒಂದರ ಮೇಲೊಂದು ನಿಲ್ಲುವ ಮೂರು ಹಲಗೆ ಮಾಡಿಸಿದರು. ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಕಂಬ. ಕೆಳಗಿನದು ಊರು, ನಡುವಿನದು ಕಾಡು, ಮೇಲಿನದು ಬೆಟ್ಟ. ಊರು ಕಾಡುಗಳಲ್ಲಿ ಬೇಕಾದಷ್ಟು ಮನೆಗಳು. ಬೆಟ್ಟದಲ್ಲಿ ಮಾತ್ರ ಐದೇ, ನಾಲ್ಕು ಮೂಲೆ, ಒಂದು ನಡು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೂಲೆಯ ಕಂಬವೇ ದಾರಿ. ಕುರಿಗಳನ್ನು ತೆಂಗಿನ ಕರಟ ಉಜ್ಜಿ ಉಜ್ಜಿ ಗುಂಡಿಯ ಹಾಗೆ ಮಾಡಿದ್ದರು. ಹುಲಿಗಳು ಹಿತ್ತಾಳೆಯವು, ಬೇಲೂರಿನಲ್ಲಿ ಹೇಳಿ ಮಾಡಿಸಿದ್ದು. ನೋಡಲು ನಿಜಕ್ಕೂ ಚೆಂದವಿತ್ತು. ಸಂಜೆಯ ಬಿಸಿಲು ಬಿದ್ದರೆ ಮೂರು ಹಲಗೆಯ ಗೆರೆಗಳ ನೆರಳು ಗೋಡೆಯ ಮೇಲೆ ಬೀಳುತ್ತಿತ್ತು.

ಆಟದ ನಿಯಮಗಳನ್ನೆಲ್ಲ ಅವರೇ ಕೂತು ಯೋಚಿಸಿದರು. ಅದರಲ್ಲಿ ಒಂದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಮೂರು ಹುಲಿಗಳೂ ಬೆಟ್ಟದ ಮೇಲೆ ಕೂತು ಆಟ ಶುರುಮಾಡುತ್ತವೆ. ಕುರಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಆದರೆ ಹುಲಿ ಸುಮ್ಮನೆ ಬೆಟ್ಟ ಇಳಿಯುವಂತಿಲ್ಲ. ಕಾಡಿನ ಮೂಲೆಯಲ್ಲಿ ಕುರಿ ಸಿಕ್ಕರೆ ಅದರ ಮೇಲೆ ಹಾರಿ, ಅದರ ಕೆಳಗಿನ ಊರ ಮೂಲೆಗೆ ಬೀಳಬೇಕು.

"ಹುಲಿ ಅಂದ್ರೆ ಹುಲಿ ಕಣವ್ವ. ಬ್ಯಾಟೆ ಇಲ್ದೆ ಬೆಟ್ಟ ಇಳಿಯಲ್ಲ," ಎಂದರು.

ಆ ಮಾತು ಕೇಳಿದ ಮೊದಲ ದಿನವೇ ನಾನು ಮನಸ್ಸಿನಲ್ಲೇ ಕುರಿ ಇಟ್ಟು ನೋಡಿದೆ. ಮೊದಲು ಊರಿನ ನಾಲ್ಕು ಮೂಲೆಗೆ ನಾಲ್ಕು ಕುರಿ ಇಟ್ಟುಬಿಟ್ಟರೆ? ಬೆಟ್ಟದಲ್ಲಿರುವ ಹುಲಿ ಅವುಗಳ ತಂಟೆಗೆ ಬರಲಾರದು. ಆಮೇಲೆ ಅವುಗಳ ನೆತ್ತಿಯ ಮೇಲೇ ಕಾಡಿನ ನಾಲ್ಕು ಮೂಲೆಗೂ ಕುರಿ ಇಟ್ಟರೆ? ಹಾರಿದ ಹುಲಿಗೆ ಬೀಳಲು ಜಾಗವೇ ಇಲ್ಲ. ಇಳಿಯುವ ದಾರಿ ನಾಲ್ಕೂ ಮುಚ್ಚಿತು. ಇನ್ನು ಬೆಟ್ಟದ ಮೇಲೆ ಉಳಿಯುವುದು ಎರಡೇ ಖಾಲಿ ಮನೆ. ಮೂಲೆಗೊಂದು, ಮಿಕ್ಕಿದ್ದಕ್ಕೊಂದು ಕುರಿ ಇಟ್ಟರೆ ಮೂರು ಹುಲಿಯೂ ಒಟ್ಟಿಗೇ ಕಟ್ಟಿದವು. ಒಂದೇ ಒಂದು ಕುರಿ ಸಾಯುವುದಿಲ್ಲ. ಹುಲಿ ಆಡುವವನು ತಲೆಕೆಳಗಾಗಿ ನಿಂತರೂ ಗೆಲ್ಲಲಾರ. ಅದು ಆಟವೇ ಅಲ್ಲ. ಹುಲಿಯನ್ನು ಅಟ್ಟಕ್ಕೇರಿಸಿ ಏಣಿ ತೆಗೆಯುವ ಕೆಲಸ.

ಇಷ್ಟು ಸುಲಭದ ಹುಳುಕು ಅವರ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದರೆ, ಅವರ ಮುಂದೆ ಯಾರೂ ಗೆಲ್ಲಲು ಆಡಲೇ ಇಲ್ಲ. ಎಲ್ಲರೂ ಬಂದವರೇ ಕಾಡಿನ ಮೂಲೆಗೆ ಒಂದು ಕುರಿ ಇಟ್ಟು ಹುಲಿಗೆ ಉಣ್ಣಿಸುತ್ತಿದ್ದರು. ಅವರ ಹುಲಿ ಹೊಟ್ಟೆ ತುಂಬ ತಿಂದು ಊರು ಕಾಡು ಸುತ್ತುತ್ತಿತ್ತು. ಎಂಥ ಆಟ ಕಟ್ಟಿದೆ ನೋಡು ಎಂದು ಅವರು ಮೀಸೆಯೊಳಗೇ ನಗುತ್ತಿದ್ದರು.

ಇದೂ ಮನೆಯೊಳಗೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಬಸ್ತಿಹಳ್ಳಿಯ ಚಿದಂಬರ ಎನ್ನುವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಯಾವುದೋ ಕೆಲಸಕ್ಕೆ ಅರಸೀಕೆರೆಗೆ ಬಂದವರು ನಮ್ಮ ಮನೆಯಲ್ಲಿ ಆ ಹಲಗೆ ನೋಡಿದರು. ಅವರು ವರ್ಷಕ್ಕೊಮ್ಮೆ ಹಳೇಬೀಡಿನ ಸಮುದಾಯ ಭವನದಲ್ಲಿ ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಎಲ್ಲ ಸೇರಿಸಿ ಮಕ್ಕಳಿಗೆ ಮೇಳ ಮಾಡುತ್ತಾರೆ. ಈ ಸಲ ನಿಮ್ಮ ಮೂರಂತಸ್ತಿನ ಆಟವೇ ನಡುಮಧ್ಯ ಎಂದರು. ಮಾವ ಅವತ್ತು ಎರಡು ಸಲ ಊಟ ಮಾಡಿದರು. ಮರುದಿನ ಫ್ಲೆಕ್ಸ್ ಬರೆಸಿದರು. ತಮ್ಮ ಹೆಸರು, ತಮ್ಮ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ, ನನ್ನ ಹುಲಿ ಕಟ್ಟಿದವರಿಗೆ ಒಂದು ಮೂಟೆ ಕೊಬ್ಬರಿ ಬಹುಮಾನ.

ಹಳೇಬೀಡಿನ ಮಕ್ಕಳಿಗೆ ನಮ್ಮ ಮನೆಯ ಶಾಸ್ತ್ರ ಗೊತ್ತಿಲ್ಲವಲ್ಲ. ಫ್ಲೆಕ್ಸ್ ನೋಡಿದ ಮೇಲೆ ನಾನು ಗಂಡನಿಗೆ ಹೇಳಿದೆ. ಒಂದು ನಿಯಮ ಬದಲಾಯಿಸಿದರೆ ಸಾಕು, ಹುಲಿ ಸುಮ್ಮನೆ ಇಳಿಯಬಹುದು ಎಂದರೆ ಆಟ ಸರಿಹೋಗುತ್ತದೆ, ನೀವು ಹೇಳಿ ಎಂದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, ಅಪ್ಪನ ಹುಲಿ ಉಸಾಬರಿ ನಿನಗ್ಯಾಕೆ, ಖುಷಿಯಾಗಿದ್ದಾರೆ, ಇರಲಿ ಬಿಡು ಎಂದರು. ಅತ್ತೆಗೆ ಹೇಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ನಂಗೊತ್ತಿಲ್ವೇನೇ? ಮದ್ವೆ ಆದಾಗಿಂದ ಕಾಯಿ ಎತ್ತಿಡ್ತಾ ಬಂದಿವ್ನಿ. ಗಂಡಸಿಗೆ ಒಂದು ಆಟ ಬಿಟ್ಟುಕೊಟ್ರೆ ಮನೆ ನಡೀತೈತೆ," ಎಂದರು. ಅವರು ಅದನ್ನು ನನಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ನನಗೆ ಮೈ ಉರಿಯಿತು. ಮನೆ ನಡೆಯಲಿ ಎಂದು ಒಬ್ಬ ಮನುಷ್ಯನನ್ನು ಇಷ್ಟು ವರ್ಷ ದಡ್ಡನಾಗಿ ಇಟ್ಟಿರುವುದಕ್ಕೆ ಮರ್ಯಾದೆ ಎನ್ನುವ ಹೆಸರು ಬೇರೆ.

ಕೊನೆಗೆ ಬೆಕ್ಕಿಗೆ ಗಂಟೆ ಕಟ್ಟಲು ನಾನೇ ಹೋದೆ. ಮೇಳದ ಹಿಂದಿನ ದಿನ ಮಾವನ ಎದುರು ಕೂತು, ಈ ಆಟದಲ್ಲಿ ಹುಲಿ ಗೆಲ್ಲುವುದಕ್ಕೆ ಆಗುವುದಿಲ್ಲ ಎಂದೆ. ಅವರು ಗಟ್ಟಿಯಾಗಿ ನಕ್ಕರು. ಈ ತಲೆ ಬೆಳ್ಳಗಾಗುವ ತನಕ ಯಾರೂ ಕಟ್ಟದ ಹುಲಿಯನ್ನು ನೀನು ಕಟ್ಟುತ್ತೀಯಾ, ತೋರಿಸು ಎಂದರು. ತೋರಿಸುತ್ತೇನೆ ಎಂದು ಊರಿನ ನಾಲ್ಕು ಮೂಲೆಗೆ ಕುರಿ ಇಟ್ಟೆ. ಕಾಡಿನ ಒಂದು ಮೂಲೆಗೆ ಇಟ್ಟೆ, ಇನ್ನೊಂದಕ್ಕೆ ಇಟ್ಟೆ. ಅವರ ಹುಬ್ಬು ಸ್ವಲ್ಪ ಗಂಟಿಕ್ಕಿತು. ಅಷ್ಟರಲ್ಲಿ ಅತ್ತೆ ದೀಪದ ಎಣ್ಣೆಯ ಬಟ್ಟಲು ಹಿಡಿದು ಬಂದವರು, ದೀಪ ಹಚ್ಚುವ ಹೊತ್ತಿನಲ್ಲಿ ಆಟವೇನು, ಮನೆಗೆ ಒಳ್ಳೆಯದಲ್ಲ ಎಂದು ಇನ್ನೊಂದು ಕೈಯಿಂದ ಕುರಿಗಳನ್ನೆಲ್ಲ ಬಾಚಿ ಡಬ್ಬಿಗೆ ಹಾಕಿಬಿಟ್ಟರು. ಅತ್ತೆ, ಅದು ಇರಲಿ ಎಂದು ನಾನು ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡರು.

"ನೋಡಿದ್ಯಾ, ನಿಮ್ಮತ್ತೆ ನಿನ್ನ ಉಳ್ಸಿದ್ಲು," ಎಂದರು ಮಾವ, ಬಹಳ ಪ್ರೀತಿಯಿಂದ.

ಮಾರನೆಯ ದಿನ ಒಂದು ವ್ಯಾನು ಮಾಡಿಕೊಂಡು ಹೊರಟೆವು. ಮಂಡಿಯವರು, ನೆಂಟರು ಎಲ್ಲ ಬಂದಿದ್ದರು. ಕೊಬ್ಬರಿ ಮೂಟೆಯನ್ನೂ ವ್ಯಾನಿನಲ್ಲಿ ಹಾಕಿಸಿದ್ದರು, ವಾಪಸ್ ತರುವ ಧೈರ್ಯದಲ್ಲಿ. ಭವನದ ನಡುವೆ ಮೇಜಿನ ಮೇಲೆ ಹಲಗೆ ಇಟ್ಟು, ಮಾವ ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಕೂತರು. ಮೊದಲು ಆಡಿದವರು ನಮ್ಮವರೇ. ಮಂಡಿಯ ವ್ಯಾಪಾರಿಯೊಬ್ಬರು ಸೋತರು, ಬೀಗರೊಬ್ಬರು ಸೋತರು, ನನ್ನ ಗಂಡ ಸೋತರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಚಿದಂಬರ ಮೇಷ್ಟ್ರು ಮೈಕಿನಲ್ಲಿ ಇನ್ಯಾರಾದರೂ ಇದ್ದೀರಾ ಎಂದರು.

ಹುಲಿಕೆರೆಯ ಒಬ್ಬ ಹುಡುಗಿ ಮುಂದೆ ಬಂದಳು. ಹೆಸರು ಮೇಘಶ್ರೀ, ಆರನೇ ಕ್ಲಾಸು, ಸ್ಕೂಲ್ ಯೂನಿಫಾರ್ಮ್. ಕುರ್ಚಿಯಲ್ಲಿ ಕೂತರೆ ಬೆಟ್ಟದ ಹಲಗೆ ಕಾಣುವುದಿಲ್ಲವೆಂದು ನಿಂತೇ ಆಡುತ್ತೇನೆ ಎಂದಳು. ಮಾವ ಮುದ್ದಿನಿಂದ ಅವಳಿಗೆ ನಿಯಮಗಳನ್ನೆಲ್ಲ ಹೇಳಿದರು. ಅವಳು ಬಗ್ಗಿ ಮೂರು ಹಲಗೆಯ ನಡುವೆ ಇಣುಕಿ ನೋಡಿ, ಒಂದೇ ಪ್ರಶ್ನೆ ಕೇಳಿದಳು.

"ಹುಲಿ ಸುಮ್ನೆ ಇಳಿಯಂಗಿಲ್ವಾ ತಾತ?"

"ಇಲ್ಲ ಕಣವ್ವ. ಬ್ಯಾಟೆ ಇಲ್ದೆ ಇಳಿಯಲ್ಲ."

ಸರಿ ಎಂದು ಅವಳು ಊರಿನ ಮೂಲೆಗೆ ಮೊದಲ ಕುರಿ ಇಟ್ಟಳು. ಎರಡನೆಯದನ್ನೂ ಮೂಲೆಗೆ ಇಟ್ಟಾಗ ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡುತ್ತಿದ್ದರು. ಮಾವ ಬೆಟ್ಟದ ಮೇಲೆ ಹುಲಿಯನ್ನು ಅತ್ತ ಇತ್ತ ಸರಿಸುತ್ತ, ಬಾರವ್ವ ಕಾಡಿಗೆ ಬಾ ಎಂದು ತಮಾಷೆ ಮಾಡುತ್ತಿದ್ದರು. ಅವಳು ಕಾಡಿಗೂ ಬಂದಳು, ಊರಿನ ಕುರಿಗಳ ನೆತ್ತಿಯ ಮೇಲೇ. ನಾಲ್ಕನೆಯ ಮೂಲೆ ಮುಚ್ಚಿದಾಗ ಮಾವನ ತಮಾಷೆ ನಿಂತಿತು. ಒಂದು ಹುಲಿಯನ್ನು ಎತ್ತಿದರು, ಕಂಬದ ಹತ್ತಿರ ಹಿಡಿದರು, ಕೆಳಗೆ ನೋಡಿದರು, ವಾಪಸ್ ಇಟ್ಟರು. ಇನ್ನೊಂದನ್ನು ಎತ್ತಿದರು. ಹುಡುಗಿ ಕಾದಳು. ಆಮೇಲೆ ತುದಿಗಾಲಲ್ಲಿ ನಿಂತು ಬೆಟ್ಟದ ಮೂಲೆಗೊಂದು ಕುರಿ ಇಟ್ಟಳು. ಮಾವನಿಗೆ ಸರಿಸಲು ಇದ್ದದ್ದು ಒಂದೇ ಮನೆ. ಸರಿಸಿದರು. ಖಾಲಿಯಾದ ಮನೆಗೆ ಅವಳು ಕೊನೆಯ ಕುರಿ ಇಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಅವಳ ಕಾಲನ್ನು ಯಾರೂ ಅದುಮಲಿಲ್ಲ. ಒಳಗಿನಿಂದ ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಮಗು ಗೆದ್ದಿತು ಎಂದು ನಕ್ಕು ಬರಬಹುದಿತ್ತು. ಮಾವ ಇನ್ನೊಂದು ಆಟ ಎಂದರು. ಮತ್ತೆ ಹಾಗೆಯೇ ಆಯಿತು. ಈಗ ನೋಡಿಕೊಂಡಿದ್ದ ಮಕ್ಕಳೆಲ್ಲ ನಾನು ನಾನು ಎಂದು ಸಾಲು ನಿಂತರು. ಎರಡನೇ ಕ್ಲಾಸಿನ ಒಬ್ಬನನ್ನು ಅವರಪ್ಪ ಎತ್ತಿ ಹಿಡಿದುಕೊಂಡು ಆಡಿಸಿದ. ಅವನೂ ಕಟ್ಟಿದ. ಜನ ನಗಲು ಶುರುಮಾಡಿದರು. ಯಾರೋ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಆ ವಿಡಿಯೋ ನಾವು ಊರು ಸೇರುವ ಮೊದಲೇ ಮಂಡಿಯವರ ವಾಟ್ಸಾಪ್ ಗುಂಪಿನಲ್ಲಿತ್ತು. ಚಿದಂಬರ ಮೇಷ್ಟ್ರು ಮೈಕು ಆಫ್ ಮಾಡಿ, ಒಂದು ನಿಯಮ ತಿದ್ದಿದರೆ ಒಳ್ಳೆಯ ಆಟವಾಗುತ್ತದೆ ಸಾರ್ ಎಂದು ಮೆಲ್ಲಗೆ ಹೇಳಿದರು. ನಾನು ಹೇಳಿದ ಅದೇ ಮಾತು. ಮಾವ ಅವರತ್ತ ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ಸುತ್ತ ನಿಂತ ನಮ್ಮವರನ್ನು. ಬೆಳಿಗ್ಗೆ ಸೋತ ವ್ಯಾಪಾರಿ, ಸೋತ ಬೀಗರು, ಸೋತ ಮಗ, ಒಬ್ಬೊಬ್ಬರ ಮುಖದ ಮೇಲೂ ಅವರ ಕಣ್ಣು ನಿಂತು ಮುಂದೆ ಹೋಯಿತು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅವರಿಗೆ ಅಷ್ಟು ಸಾಕಾಯಿತು.

ಮೂಟೆಯನ್ನು ತಾವೇ ಹುಡುಗಿಯ ಮುಂದೆ ಇಡಿಸಿ, ಅವಳ ತಲೆ ಸವರಿ ಎದ್ದರು. ವ್ಯಾನು ಜಾವಗಲ್ ದಾಟಿತು. ಆಮೇಲೆ ಮುಂದಿನ ಸೀಟಿನಿಂದ, ಹಿಂದೆ ತಿರುಗದೆ, ಮಾವ ಕೇಳಿದರು.

"ಸ್ವಾತಿ, ಹಳೇ ಹಲಗೇಲೂ ಹಿಂಗೇನಾ?"

ಗಂಡ ನನ್ನ ಕೈ ಮುಟ್ಟಿದರು. ನಾನು ಕೈ ಕಿತ್ತುಕೊಂಡೆ. "ಹೌದು ಮಾವ," ಎಂದೆ. "ಅದರಲ್ಲೂ ಹಿಂಗೆ."

ಮನೆ ಸೇರಿದ ಮೇಲೆ ಕೇಳಿದವರು ಮಿಕ್ಕವರು. ಹಳೇ ಹಲಗೆಯ ಮಾತು ಯಾಕೆ ಒಪ್ಪಿಕೊಂಡೆ ಎಂದು ಅತ್ತೆ. ಇಷ್ಟು ಗೊತ್ತಿದ್ದವಳು ಮೊದಲೇ ಸರಿಯಾಗಿ ಹೇಳಬೇಕಿತ್ತು, ಚೆಸ್ ಆಡಿದವಳಲ್ಲವೇ ಎಂದು ಗಂಡ. ಅಟ್ಟ ಮೇಲೆ ಒಲೆ ಉರಿಯುವುದು ಎಂದರೆ ಇದೇ. ಊರೆಲ್ಲ ಸೇರಿ ಅಟ್ಟಕ್ಕೇರಿಸಿದ್ದರು. ಏಣಿ ತೆಗೆದವಳು ಹುಲಿಕೆರೆಯ ಕೂಸು. ಬೈಸಿಕೊಂಡವಳು ನಾನು.

ಕೆಲವು ದಿನ ಮಾವ ಊಟವಾದ ಮೇಲೆ ಜಗಲಿಯಲ್ಲಿ ಬೀದಿ ನೋಡುತ್ತ ಕೂತರು. ಮಂಡಿಗೆ ಹೋಗಲಿಲ್ಲ. ಯಾರಾದರೂ ಬಂದು ಏನು ಯಜಮಾನ್ರೇ, ಒಂದು ಆಟ ಎಂದರೆ, ಅವರ ಮುಖವನ್ನೇ ದಿಟ್ಟಿಸಿ ನೋಡಿ ಮತ್ತೆ ಬೀದಿಯ ಕಡೆ ತಿರುಗುತ್ತಿದ್ದರು. ಆಟದ ಮಾತು ಬಿಡಿ, ಯಾವ ಮಾತಿಗೆ ಯಾರು ಹೌದು ಎಂದರೂ ಅವರಿಗೆ ಅನುಮಾನ. ಸಾರು ಚೆನ್ನಾಗಿದೆ ಎಂದ ಮಗನನ್ನೂ ಹಾಗೇ ನೋಡಿದರು.

ನಾನು ಕಾದೆ. ನನ್ನೊಬ್ಬಳನ್ನಾದರೂ ಅವರು ಬೇರೆ ಇಡುತ್ತಾರೆ ಎಂದುಕೊಂಡಿದ್ದೆ. ಹೇಳಲು ಬಂದವಳು ನಾನೊಬ್ಬಳೇ ತಾನೇ. ಇನ್ನು ಮೇಲೆ ನಿಜವಾದ ಆಟ ಆಡೋಣ, ನಿಯಮ ತಿದ್ದೋಣ, ಅವರು ಒಮ್ಮೆ ಗೆಲ್ಲಲಿ, ನಾನು ಒಮ್ಮೆ ಗೆಲ್ಲುತ್ತೇನೆ ಎಂದೆಲ್ಲ ಪಾತ್ರೆ ತೊಳೆಯುತ್ತ ಲೆಕ್ಕ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ನಡುಮನೆಯಲ್ಲಿ ಹಲಗೆ ಇಡುವ ಸದ್ದಾಯಿತು. ಕೈ ಒರೆಸಿಕೊಂಡು ಓಡಿದೆ. ಮೂರಂತಸ್ತಿನ ಹಲಗೆಯ ಹಿಂದೆ ಮಾವ ಕೂತಿದ್ದರು.

"ಬನ್ನಿ," ಎಂದರು.

ನನ್ನ ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹುಲಿಗಳು ನಾನು ಕೂರುವ ಕಡೆಗಿದ್ದವು. ಕುರಿಯ ಡಬ್ಬಿ ಅವರ ಬಳಿ ಇತ್ತು. ನಿಯಮ ತಿದ್ದಿದ್ದೀರಾ ಮಾವ ಎಂದು ಕೇಳಿದೆ. ಇಲ್ಲ, ಇದ್ದದ್ದೇ ಇರಲಿ ಎಂದರು.

ಆಡಿದೆವು. ಅವರು ಒಂದೂ ತಪ್ಪದೆ ಊರಿನ ನಾಲ್ಕು ಮೂಲೆ ಮುಚ್ಚಿದರು, ಕಾಡಿನ ನಾಲ್ಕು ಮೂಲೆ ಮುಚ್ಚಿದರು. ಬೆಟ್ಟದ ಮೂಲೆಗೊಂದು ಕುರಿ ಇಟ್ಟರು. ನಾನು ಉಳಿದ ಒಂದೇ ಮನೆಗೆ ಹುಲಿ ಸರಿಸಿದೆ. ಅದು ಬಿಟ್ಟ ಮನೆಯೊಂದು ಖಾಲಿಯಿತ್ತು. ಅವರ ಬೆರಳ ತುದಿಯಲ್ಲಿ ಕೊನೆಯ ಕುರಿ. ನನಗೆ ಒಳಗೊಳಗೇ ಖುಷಿಯೇ ಆಗುತ್ತಿತ್ತು. ಕಟ್ಟಲಿ, ಒಂದು ಸಲ ನಿಜವಾಗಿ ಗೆಲ್ಲಲಿ ಎಂದು.

ಅವರು ಆ ಕುರಿಯನ್ನು ಡಬ್ಬಿಗೆ ಹಾಕಿದರು. ಮಿಕ್ಕವನ್ನೂ ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಮಂಡಿಗೆ ಬಂದ ಅಪರಿಚಿತರನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದರು.

"ನಿಮ್ದೇ ಆಯ್ತು," ಎಂದರು.

"ಮಾವ, ಆ ಕುರಿ ಇಡಿ. ಕಟ್ಟಿ," ಎಂದೆ.

"ಎಲ್ಲಾದರೂ ಉಂಟೇನ್ರೀ," ಎಂದು ಎದ್ದು ಜಗಲಿಗೆ ಹೋದರು.

ಶೋಕೇಸಿನಲ್ಲಿ ನನ್ನ ಕಪ್ಪು ಇನ್ನೂ ಅಲ್ಲೇ ಇದೆ. ದಿನಾ ಊಟವಾಗಿ ಎಲೆ-ಅಡಿಕೆ ಹಾಕಿಕೊಂಡ ಮೇಲೆ ಮಾವ ತಪ್ಪದೆ ಕರೆಯುತ್ತಾರೆ, ಬನ್ನಿ ಎಂದು. ಒಲ್ಲೆ ಎನ್ನಲು ಬಾಯಿ ಬರುವುದಿಲ್ಲ, ಹೋಗಿ ಕೂರುತ್ತೇನೆ. ಈಗ ದಿನಾ ಮಧ್ಯಾಹ್ನ ನಾನೇ ಗೆಲ್ಲುತ್ತೇನೆ.